ಹತ್ತು ನಿಮಿಷದ ಹೌದು

ವನಿಂಗ್ ನನ್ನ ಅಂಗಡಿಗೆ ಬಂದಾಗ ಹೆಗಲ ಮೇಲೆ ಸ್ಪ್ಯಾನರ್ ಚೀಲ, ಕೆನ್ನೆಯ ಮೇಲೆ ಗ್ರೀಸಿನ ಒಂದು ಗೆರೆ. ಕಣ್ಣಿನ ಕಾಡಿಗೆಯೇ ದಾರಿ ತಪ್ಪಿ ಕೆಳಗಿಳಿದ ಹಾಗಿತ್ತು.

"ಮಾಸ್, ನೀವು ಆ್ಯಪ್ ಮಾಡ್ತೀರಂತೆ?"

ಇಂಡೋನೇಷ್ಯಾದ ನಮ್ಮ ಸೋಲೊ ಊರಲ್ಲಿ ಮಾಸ್ ಎಂದರೆ ಅಣ್ಣ. ಇವಳು ಮಾತ್ರ ಆ ಅರ್ಥದಲ್ಲಿ ಕರೆಯದಿರಲಿ ಎಂದು ಆಗಲೇ ಬೇಡಿಕೊಂಡೆ.

"ಫೋನ್ ರಿಪೇರಿ ಮಾಡ್ತೀನಿ. ಬಿಡುವಾದಾಗ ಆ್ಯಪ್. ಯಾರಿಗೆ ಬೇಕು?"

"ನೀರಿನ ಪಂಪ್ ರಿಪೇರಿಯವರಿಗೆ. ನನ್ನ ಬಿಟ್ಟು ನಲವತ್ತೊಂದು ಜನ ಇದಾರೆ. ಮೂರು ಕಂಪನಿಗೆ ಹೋಗ್ಬಂದೆ. ಒಬ್ರು ನಕ್ಕರು, ಒಬ್ರು ಕಾಫಿ ಕೊಟ್ರು, ಇನ್ನೊಬ್ರು ಕಾಫಿ ಕೊಟ್ಟು ನಕ್ಕರು."

"ನಾನು ಕಾಫಿ ಕೊಡಲ್ಲ."

"ನಗ್ತೀರಾ?"

"ನೀವು ನಗಿಸಿದ್ರೆ."

ಅವಳ ಕಷ್ಟ ಇಷ್ಟು: ಪಂಪಿಗೆ ಏನಾಗಿದೆ ಎಂದು ಮನೆಯವರಿಗೆ ಹೇಳಲು ಬರುವುದಿಲ್ಲ, 'ಏನೋ ಸದ್ದು' ಎನ್ನುತ್ತಾರೆ. ಸದ್ದನ್ನೇ ರೆಕಾರ್ಡ್ ಮಾಡಿ ಆ್ಯಪಿನಲ್ಲಿ ಕಳಿಸಲಿ, ಅದು ರಿಪೇರಿಯವರಿಗೆ ಹೋಗಲಿ ಎಂದೆ. ಮಿಮಿಕ್ರಿ ನನ್ನ ಹುಟ್ಟುರೋಗ. ನಮ್ಮನೆ ಪಂಪಾಗಿ ಕೆಮ್ಮಿ ತೋರಿಸಿದೆ. "ಗರ್ರ್... ಕಿಂಯ್... ಗರ್ರ್..."

ಕಣ್ಣು ಮುಚ್ಚಿ, ಹಾಡು ಕೇಳುವವಳಂತೆ ತಲೆ ವಾಲಿಸಿದಳು. "ಬೇರಿಂಗ್ ಹೋಗಿದೆ. ಇನ್ನೊಂದ್ಸಲ ಮಾಡಿ."

"ಗೊತ್ತಾಯ್ತಲ್ಲ?"

"ಗೊತ್ತಾಯ್ತು. ಆದ್ರೂ ಮಾಡಿ."

ಕೆಲಸ ಒಪ್ಪಿಕೊಂಡೆ. ಕೆಲಸವನ್ನು ಮಾತ್ರ ಒಪ್ಪಿಕೊಂಡೆ ಎಂದರೆ ಸುಳ್ಳಾದೀತು.

ಆರು ವಾರ ದಿನಾ ಬಂದಳು. ಒಂದು ದಿನ, ಕರಿದ ಸೋಯಾ ಬಿಲ್ಲೆ ಟೆಂಪೆಯನ್ನು ಹಂಚಿಕೊಳ್ಳುತ್ತ ಹೇಳಿದಳು: "ಬಾತಾಮ್ ದ್ವೀಪದ ಫ್ಯಾಕ್ಟರೀಲಿ ಚಿಕ್ಕಮ್ಮ ಕೆಲಸ ನೋಡಿಟ್ಟಿದಾರೆ. ಅಪ್ಪನ ಜೊತೆ ದುಡಿದವರೆಲ್ಲ ನನ್ನ ನಂಬಿ ಆ್ಯಪಿಗೆ ಹೆಸರು ಬರೆಸಿದಾರೆ. ಆ್ಯಪ್ ಕೈಕೊಟ್ರೆ ಅವರಿಗೆ ಮುಖ ತೋರಿಸೋಕಾಗಲ್ಲ, ಹೊರಟುಬಿಡ್ತೀನಿ."

ನಾನು ಟೆಂಪೆ ಕೆಳಗಿಟ್ಟು ಮತ್ತೆ ಆ್ಯಪಿನ ಕೆಲಸಕ್ಕೆ ಕೂತೆ.

ಮೊದಲ ಪರೀಕ್ಷೆಗೆ ಬಾತಿಕ್ ಬಟ್ಟೆ ಮಾಡುವ ಅಜ್ಜಿಯೊಬ್ಬರ ಪಂಪ್ ಆರಿಸಿದೆವು. ಕೆಲಸ ಬಂದದ್ದೇ ತಡ, ನಲವತ್ತೊಂದು ಜನರೂ 'ಹೌದು' ಒತ್ತಿದರು. ನಾನು ಕುರ್ಚಿಯ ಮೇಲೆ ಹತ್ತಿ ಕುಣಿದೆ. ಎರಡು ಗಂಟೆಯ ನಂತರ ಅಜ್ಜಿ ಫೋನ್ ಮಾಡಿದರು. ಒಬ್ಬನೂ ಹೋಗಿರಲಿಲ್ಲ. ವನಿಂಗ್ ತಾನೇ ಓಡಿದಳು, ಸರಿ ಮಾಡಿ ಬಂದು ಕುಸಿದು ಕೂತಳು.

ಗುಂಪಿನ ಹಿರಿಯ ಸಾರ್ದಿಯವರನ್ನು ಹಿಡಿದು ಕೇಳಿದೆ. ಎಲ್ಲರಿಗೂ ಅವರು ಲಿಕ್ ಸಾರ್ದಿ. ಲಿಕ್ ಎಂದರೆ ಚಿಕ್ಕಪ್ಪ. 'ಲೀಕ್' ಅಂದಂತೆ ಕೇಳುವ ಅದು ಪಂಪಿನವರಿಗೆ ಅಷ್ಟು ಶುಭವಾದ ಹೆಸರೇನಲ್ಲ.

"ಲಿಕ್, ಹೋಗೋದಿಲ್ಲ ಅಂದ್ಮೇಲೆ 'ಇಲ್ಲ' ಒತ್ತಬೇಕಿತ್ತು!"

"ಏನಪ್ಪಾ ದಮರ್! ಆ ಅಜ್ಜಿ ಬಾಯ್ಬಿಟ್ಟು ಕೇಳಿದಾರೆ. ಮುಖದ ಮೇಲೆ ಹೊಡೆದ ಹಾಗೆ 'ಇಲ್ಲ' ಅನ್ನೋದಾ? ನೀನು ಜಕಾರ್ತದಲ್ಲಿ ಬೆಳೆದವನು, ಬಿಡು."

ವನಿಂಗ್ ನಗಲೂ ಆಗದೆ, ಅಳಲೂ ಆಗದೆ ಕೂತಿದ್ದಳು. "ನಮ್ಮಲ್ಲಿ ಹೀಗೇ ಮಾಸ್. ಬಾಯಲ್ಲಿ ಎಲ್ಲರೂ ಹೌದು ಅಂತಾರೆ."

"ಹಾಗಾದ್ರೆ ನಿಜವಾಗ್ಲೂ ಹೊರಟಿದಾರೆ ಅಂತ ಹೆಂಗೆ ಗೊತ್ತಾಗುತ್ತೆ?"

ಅವಳು ತಟ್ಟನೆ ತಲೆಯೆತ್ತಿದಳು. "ಚೀಲ! ಚೀಲ ಬೈಕಿಗೆ ಕಟ್ಟಿದ್ರು ಅಂದ್ರೆ ಹೊರಟರು ಅಂತ!"

'ಇಲ್ಲ' ಗುಂಡಿಯನ್ನೇ ತೆಗೆದುಹಾಕಿದೆ. ಕೆಲಸ ಒಬ್ಬರಿಗೆ ಹೋಗುತ್ತದೆ. ಹತ್ತು ನಿಮಿಷದೊಳಗೆ ಬೈಕಿಗೆ ಕಟ್ಟಿದ ಚೀಲದ ಫೋಟೊ ಬಂದರೆ ಅದು ಹೌದು. ಬರದಿದ್ದರೆ ಕೆಲಸ ಸದ್ದಿಲ್ಲದೆ ಮುಂದಿನವರಿಗೆ. ಯಾರ ಮುಖವೂ ಬಾಡುವುದಿಲ್ಲ.

ಭಾನುವಾರ ಎಲ್ಲರ ಎದುರು ಶುರು ಮಾಡಿದೆವು. ಲಿಕ್ ಸಾರ್ದಿಯ ಮೊದಲ ಫೋಟೊದಲ್ಲಿ ಅವರ ಹೆಬ್ಬೆರಳಷ್ಟೇ ಇತ್ತು. ಎರಡನೆಯದರಲ್ಲಿ ಚೀಲ. ಸಂಜೆಯೊಳಗೆ ಏಳು ಮನೆಗಳಲ್ಲಿ ನೀರು ಬಂತು. ಎಲ್ಲರೂ ಹೊಗಳಿದರು. ವನಿಂಗ್ ಬಾತಾಮಿನ ಮಾತೆತ್ತಲೇ ಇಲ್ಲ.

ಸೋಮವಾರ ಅಂಗಡಿಗೆ ಬಂದವಳನ್ನು ಕೇಳಿಯೇ ಬಿಟ್ಟೆ. ಮಿಮಿಕ್ರಿ ಮಾಡುವ ಗಂಟಲು ಆ ಹೊತ್ತಿಗೆ ನನ್ನ ದನಿಯನ್ನೇ ಮರೆತಿತ್ತು.

"ಬಾತಾಮಿಗೆ ಹೋಗ್ಬೇಡಿ. ಇಲ್ಲೇ ಇರಿ. ಅಂದ್ರೆ... ನನ್ನ ಜೊತೆ. ಇರ್ತೀರಾ?"

ಅವಳು ಕಣ್ಣು ತಗ್ಗಿಸಿದಳು. ತುಟಿಯ ಅಂಚಿನಲ್ಲಿ ಒಂದು ಸಣ್ಣ ಗೆರೆ ಮೂಡಿ ಮಾಯವಾಯಿತು. "ಹೌದು, ಮಾಸ್," ಎಂದು ಮೆತ್ತಗೆ ಹೇಳಿ ಹೊರಟೇ ಹೋದಳು.

ಹೌದು! ಮೆತ್ತನೆ ದನಿ, ತಗ್ಗಿದ ಕಣ್ಣು. ನಲವತ್ತೊಂದು ಜನ ಅಜ್ಜಿಗೆ ಒತ್ತಿದ್ದೂ ಇದೇ ಹೌದು. ಮುಖದ ಮೇಲೆ 'ಇಲ್ಲ' ಅನ್ನಲಾರದೆ ಅಂದಳೇ? ಗಡಿಯಾರ ನೋಡಿದೆ. ಹತ್ತು ನಿಮಿಷದ ನಿಯಮ ಬರೆದವನು ನಾನೇ.

ನಾಲ್ಕು ನಿಮಿಷ. ಯಾರದೋ ಫೋನಿನ ತಿರುಪು ಕೈಜಾರಿ ಬಿತ್ತು. ಏಳು. ತಿರುಪು ಹುಡುಕುವ ನೆಪದಲ್ಲಿ ಮೇಜಿನ ಕೆಳಗೆ ಕೂತೆ. ಒಂಬತ್ತು.

ಟಿಂಗ್.

ಫೋಟೊ. ಅವಳ ಬೈಕು, ಅವಳ ಚೀಲ. ಯಾವಾಗಲೂ ಹಿಂದಿನ ಸೀಟಿಗೆ ಕಟ್ಟುವ ಚೀಲವನ್ನು ಇವತ್ತು ಮುಂದೆ ಕಟ್ಟಿದ್ದಳು. ಹಿಂದಿನ ಸೀಟು ಖಾಲಿ. ಅದರ ಮೇಲೊಂದು ಹೊಸ ಹೆಲ್ಮೆಟ್.

ಬಾಗಿಲ ಹೊರಗಿಂದ ದನಿ ಬಂತು: "ಮಾಸ್ ದಮರ್, ಇನ್ನು ಅರ್ಧ ನಿಮಿಷ ಇದೆ. ಬರ್ತೀರೋ, ಕೆಲಸ ಮುಂದಿನವರಿಗೆ ಹೋಗ್ಲೋ?"

ನಾನು ಹೌದು ಎನ್ನಲಿಲ್ಲ. ಹೊರಗೆ ಬಂದು ಅಂಗಡಿಯ ಶಟರ್ ಎಳೆದೆ.