ಗೋಲಿನ ಹಿಂದಿನ ಹಲಗಿ

"ಈ ಸಲ ಹಲಗಿ ಜುಲೇಖಾ ಬಾರಸ್ತಾಳ," ಅಂದ ಹೊಳೆಯಪ್ಪ.

ಕೆಂಚಿಯ ಕೆನ್ನೆಗೆ ಹಚ್ಚಿದ್ದ ಅರಿಸಿನ ಇನ್ನೂ ಆರಿರಲಿಲ್ಲ. "ಯಾಕಣ್ಣ, ನಾ ಏನ್ ಸತ್ತೇನೇನು?"

"ಅಕಿ ಕೈ ಅಗದಿ ಚುರುಕ ಐತಿ ಬೇ. ನೀ ಬಾಜೂಕ ನಿಂತು ಒದರು."

ಹೊಳೆಯಪ್ಪ ಕೆಂಚಿಯ ಅಣ್ಣ, ಅಣ್ಣಿಗೇರಿ ಫುಟ್‌ಬಾಲ್ ಟೀಮಿನ ಗೋಲ್‌ಕೀಪರ್. ಟೀವಿಯಲ್ಲಿ ವರ್ಲ್ಡ್ ಕಪ್ ನೋಡಿದಾಗಿನಿಂದ ಓಣಿಯ ಮಕ್ಕಳೆಲ್ಲ ಸೇರಿ 'ಹಳದಿ ಪಾರ್ಟಿ' ಕಟ್ಟಿದ್ದರು. ಮ್ಯಾಚ್ ಇದ್ದ ದಿನ ಮುಖಕ್ಕೆ ಅರಿಸಿನ. ಆಟ ಮುಗಿಯುವ ತನಕ ಯಾರೂ ಕೂಡುವಂತಿಲ್ಲ. ಕೂತವರು ಪಾರ್ಟಿಯಿಂದ ಔಟ್. ಚೆಂಡು ತಮ್ಮ ಗೋಲಿನ ಹತ್ತಿರ ಬಂದರೆ ಹಿಂದಿನಿಂದ ಹಲಗಿ ಮೊಳಗಬೇಕು.

ಆ ಹಲಗಿ ಕೆಂಚಿಯ ಕಾಕಾನದು. ಇಷ್ಟು ದಿನ ಚರ್ಮ ಬಿಗಿಯಾಗಲೆಂದು ಅದನ್ನು ಬೆಂಕಿಗೆ ಹಿಡಿದು ಕಾಸಿದವಳೂ ಅವಳೇ, ಬಾರಿಸಿದವಳೂ ಅವಳೇ. ಬಾರಿಸುವಾಗ ಅಣ್ಣ ಒಮ್ಮೆಯಾದರೂ ತಿರುಗಿ ನೋಡಲಿ ಎಂದು ಅವಳಿಗೆ ಆಸೆ. ಅವನು ನೋಡಿರಲಿಲ್ಲ.

ಮ್ಯಾಚಿಗೆಂದು ಸಂಶಿಗೆ ಹೋಗುವ ಬಸ್ಸಿನಲ್ಲಿ ಜುಲೇಖಾ ಹಲಗಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಹುಬ್ಬಳ್ಳಿಯಿಂದ ಬಂದು ಇವರ ಕ್ಲಾಸು ಸೇರಿ ಇನ್ನೂ ತಿಂಗಳಾಗಿರಲಿಲ್ಲ. ಆಗಲೇ ಎಲ್ಲರ ಬಾಯಲ್ಲೂ ಅವಳ ಹೆಸರು. ಹೊರಗೆ ಜಿಟಿಜಿಟಿ ಮಳೆ. ಹಲಗಿಯ ಚರ್ಮ ಸಡಿಲಾದದ್ದು ಕೆಂಚಿಗೆ ಕಂಡಿತು.

"ಬಾರಸೂಕಿಂತ ಮೊದಲ ಇದಕ್ಕ ಏನರ ಮಾಡಬೇಕೇನ ಕೆಂಚಿ?" ಜುಲೇಖಾ ಕೇಳಿದಳು.

"ಏನಿಲ್ಲ. ಬಡದ್ರ ಆತು."

ಕೆಂಚಿ ಕಿಟಕಿಯ ಕಡೆ ಮುಖ ತಿರುಗಿಸಿದಳು.

ಮ್ಯಾಚ್ ಶುರುವಾಯಿತು. ಜುಲೇಖಾ ಎಷ್ಟು ಬಡಿದರೂ ಹಲಗಿ 'ದಬ್ ದಬ್' ಎಂದಿತಷ್ಟೇ.

"ಏ ಹಳದಿ ಮಾರಿಯವರ, ಹಿಟ್ಟಿನ ಚೀಲ ಯಾಕ ಬಡೀತೀರಿ?" ಸಂಶಿಯ ಹುಡುಗರು ನಕ್ಕರು.

ಕೆಂಚಿಗೂ ಒಳಗೊಳಗೇ ನಗು ಬಂತು. ಅಷ್ಟರಲ್ಲಿ ಚೆಂಡು ಅಣ್ಣಿಗೇರಿಯ ಗೋಲಿನ ಕಡೆ ನುಗ್ಗಿತು. ಹೊಳೆಯಪ್ಪ ತಟ್ಟನೆ ತಿರುಗಿ ನೋಡಿದ. ಮೊದಲ ಸಲ. ಅವನ ಮುಖದಲ್ಲಿ ಹೆದರಿಕೆ ಇತ್ತು. ಅವನು ಮತ್ತೆ ಮುಂದೆ ತಿರುಗುವುದರೊಳಗೆ ಚೆಂಡು ಗೋಲಿನೊಳಗೆ ಹೋಗಿತ್ತು.

ಕೆಂಚಿ ನಗುವುದನ್ನು ಬಿಟ್ಟು ಸಡಿಲಾದ ಹಲಗಿಯ ಕಡೆ ನೋಡಿದಳು.

ಹಾಫ್‌ಟೈಮಿನಲ್ಲಿ ಜುಲೇಖಾ ಹಲಗಿಯನ್ನು ಅವಳ ಮುಂದೆ ಹಿಡಿದಳು. ಬೆರಳುಗಳು ಕೆಂಪಗಾಗಿದ್ದವು. "ನನ್ನ ಕೈನ ಸರಿ ಇಲ್ಲ. ನೀನ ಬಾರಸು."

ಬೇಕಾಗಿದ್ದದ್ದು ಇದೇ. ಆದರೂ ಕೆಂಚಿಯ ಕೈ ಕೋಲಿನ ಕಡೆ ಹೋಗಲಿಲ್ಲ. ಹಲಗಿ ತೆಗೆದುಕೊಂಡು ಚಹಾದಂಗಡಿಗೆ ಓಡಿದಳು. ಜುಲೇಖಾ ಹಿಂದೆಯೇ ಬಂದಳು.

"ಯಮ್ಮಾ, ಸ್ವಲ್ಪ ಒಲಿ ಕೊಡ್ರಿ."

"ಕಾಸ್ಕೋ ಬೇ. ಸುಟ್ಟೀಯ ಮತ್ತ, ಜೋಕಿ!"

ಕೆಂಚಿ ಹಲಗಿಯನ್ನು ಉರಿಯ ಎದುರು ಮೆಲ್ಲಗೆ ತಿರುಗಿಸಿದಳು. ಚರ್ಮ ಬಿಗಿಯಾಯಿತು. ಬೆರಳಿನಿಂದ ಮೀಟಿದಾಗ 'ಟಣ್' ಎಂದಿತು.

"ಬಸ್ಸಿನ್ಯಾಗ ಕೇಳಿದಾಗ ನಿನಗ ಗೊತ್ತಿತ್ತಲ್ಲ?" ಅಂದಳು ಜುಲೇಖಾ.

ಕೆಂಚಿ ಹಲಗಿಯನ್ನು ಒಲೆಯಿಂದ ಈಚೆ ತೆಗೆದಳು.

"ಗೊತ್ತಿತ್ತು," ಅಂದಳು ಕೆಂಚಿ. ಬಿಸಿ ಹಲಗಿಯನ್ನು ಅವಳ ಕೈಗೆ ಕೊಟ್ಟಳು. ಜುಲೇಖಾ ಗೋಲಿನ ಕಡೆ ಓಡಿದಳು.

ಚೆಂಡು ಮತ್ತೆ ನುಗ್ಗಿ ಬಂತು. ಹಲಗಿ ಮೊಳಗಿತು. ಕೆಂಚಿಯ ಎದೆ ಒಮ್ಮೆ ಚುರ್ ಎಂದಿತು: ಜುಲೇಖಾ ನಿಜಕ್ಕೂ ಚೆನ್ನಾಗಿ ಬಾರಿಸುತ್ತಿದ್ದಳು.

ಹೊಳೆಯಪ್ಪ ಹಾರಿ ಚೆಂಡನ್ನು ಎದೆಗೆ ಅವಚಿಕೊಂಡ. ಹಿಂದೆ ತಿರುಗಿ ನೋಡಲಿಲ್ಲ.

ಇಷ್ಟು ದಿನ ಅವನು ಯಾಕೆ ತಿರುಗಿ ನೋಡಿರಲಿಲ್ಲ ಎಂದು ಕೆಂಚಿಗೆ ಈಗ ತಿಳಿಯಿತು: ಹಿಂದೆ ಹಲಗಿ ಮೊಳಗುತ್ತಿದ್ದರೆ ಅವನಿಗೆ ತಿರುಗುವ ಅಗತ್ಯವೇ ಇರಲಿಲ್ಲ. ಅವಳು ಜುಲೇಖಾಳ ಬಾಜೂಕ ಹೋಗಿ ನಿಂತು, ಗಂಟಲು ಹರಿಯುವಂತೆ ಒದರತೊಡಗಿದಳು.