ಐದನೆಯ ಗೇರು

“ನಾಲ್ಕು ಗೇರಿಂದು ಬೇಡ ಲೂಥರ್. ಐದರದ್ದೇ ಇರಲಿ,” ಎಂದ ಅಪ್ಪ.

ಕಾರಿನಡಿಗೆ ಉರುಳಿಹೋದ ಬೋಲ್ಟಿಗಾಗಿ ಕೈಚಾಚಿದ್ದ ಹ್ಯಾಟಿ ತಟ್ಟನೆ ತಲೆಯೆತ್ತಿದಳು.

ಬೇಡವೇ? ಚಳಿಗಾಲವಿಡೀ ಅಪ್ಪ ಮಗಳು ಕೂತು ನಿರ್ಧಾರ ಮಾಡಿಕೊಂಡಿದ್ದರಲ್ಲ! ಅಪ್ಪನ ಕಾರು, ಅರವತ್ತೊಂಬತ್ತನೇ ಇಸವಿಯ ಶೆವೆಲ್‌ಗೆ ಅದರ ಹಳೆಯ ನಾಲ್ಕು ಗೇರಿನ ಪೆಟ್ಟಿಗೆಯನ್ನೇ ರಿಪೇರಿ ಮಾಡಿ ಕೂರಿಸುವುದು. ಎಂಜಿನ್ನಿಗೆ, ಅದರ ವಾಲ್ವುಗಳನ್ನು ಕುಣಿಸುವ ಕ್ಯಾಮ್ ದಂಡ ಒರಟಿನದನ್ನೇ ಹಾಕುವುದು. ಆಗ ಕಾರು ನಿಂತಲ್ಲೇ ಲಬ್-ಡಬ್, ಲಬ್-ಡಬ್ ಎಂದು ಗುರುಗುಟ್ಟಬೇಕು. ಐಸ್‌ಕ್ರೀಮ್ ಅಂಗಡಿಯ ಕಿಟಕಿ ಗಾಜು ನಡುಗಬೇಕು.

“ಕ್ಯಾಮ್ ಯಾವುದು ಹಾಕ್ಲಿ?” ಲೂಥರ್ ಕೇಳಿದ. ಗ್ಯಾರೇಜು ಅವನದು.

“ಮೆತ್ತಗಿನದು.”

“ಮೆತ್ತಗಿನದಾ! ಚರ್ಚಿಗೆ ಹೋಗೋ ಅಜ್ಜೀರ ಕಾರು ಅಂದ್ಕೊಂಡ್ಯಾ ಇದನ್ನ?”

“ಹಾಕು ಮಾರಾಯ. ಕಾರ್ಬ್ಯುರೇಟರ್ ಕೂಡ ತೆಗೆದ್ಬಿಡು. ಹೊಸ ಫ್ಯೂಯೆಲ್ ಇಂಜೆಕ್ಷನ್ ಹಾಕು. ಪೆಟ್ರೋಲ್ ಕಮ್ಮಿ ಕುಡಿಯುತ್ತೆ.”

ಸದ್ದು ಮಾಡದ ಕಾರು ಕಂಡರೆ ‘ಗೊರಕೆ ಹೊಡೆಯದ ಕರಡಿ’ ಎಂದು ನಗುತ್ತಿದ್ದವನು ಇದೇ ಅಪ್ಪ. ಹ್ಯಾಟಿಗೆ ಏನೋ ಸರಿ ಕಾಣಲಿಲ್ಲ.

ಐದನೆಯ ಗೇರು ಯಾಕೆ ಬೇಕು ಅಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಊರೊಳಗೆ ಅದರ ಕೆಲಸವೇ ಇಲ್ಲ. ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಓಡುವಾಗ ಎಂಜಿನ್ ಕಿರುಚಬಾರದು, ಅದಕ್ಕೆ ಅದು.

ಆದರೆ ಶೆವೆಲ್ ಎಲ್ಲಿಗೆ ಹೋಗುತ್ತಿತ್ತು? ಹ್ಯಾಟಿ ಅಮ್ಮನ ಜೊತೆ ಇದ್ದಳು, ಅಪ್ಪ ಬೇರೆ ಮನೆಯಲ್ಲಿದ್ದ. ಎರಡೂ ಮನೆ ಟೊಲೀಡೊ ಊರಿನಲ್ಲೇ, ಕೂಗಿದರೆ ಕೇಳಿಸುವಷ್ಟು ಹತ್ತಿರ. ಶುಕ್ರವಾರ ಅಪ್ಪ ಬಂದು ಅವಳನ್ನು ಐಸ್‌ಕ್ರೀಮ್ ಅಂಗಡಿಗೆ ಕರೆದೊಯ್ಯುತ್ತಿದ್ದ. ಆಮೇಲೆ ಮನೆ. ಅಷ್ಟೇ.

ಸ್ಕೂಲಿನಲ್ಲಿ ಅವಳು ಇದನ್ನು ಗೆಳೆಯ ಕರ್ಟಿಸ್‌ಗೆ ಹೇಳಿದಳು.

“ಇನ್ನೇನು, ನಿಮ್ಮಪ್ಪ ಓಡಿಹೋಗ್ತಾನೆ,” ಎಂದ ಅವನು, ಸ್ಯಾಂಡ್‌ವಿಚ್ ಅಗಿಯುತ್ತ. “ನಮ್ಮ ಚಿಕ್ಕಪ್ಪನೂ ಹಿಂಗೇ ಒಂದು ವ್ಯಾನ್ ರೆಡಿ ಮಾಡ್ಸಿದ. ಈಗ ಅರಿಜೋನಾದಲ್ಲಿದಾನೆ. ಕ್ರಿಸ್‌ಮಸ್‌ಗೆ ಒಂದು ಕಾರ್ಡ್ ಬರುತ್ತೆ.”

“ನಮ್ಮಪ್ಪ ಹಂಗಲ್ಲ!”

“ಚಿಕ್ಕಪ್ಪನೂ ಹಂಗಿರ್ಲಿಲ್ಲ.”

ಅವತ್ತಿನಿಂದ ಹ್ಯಾಟಿ ಅಪ್ಪನ ಮೇಲೆ ಕಣ್ಣಿಟ್ಟಳು. ಅವನ ಜೇಬು ನೋಡಿದಳು. ಕಾರಿನ ಡಿಕ್ಕಿ ನೋಡಿದಳು. ಅಪ್ಪ ನಕ್ಕರೆ ಯಾಕೆ ನಕ್ಕ, ಸುಮ್ಮನಿದ್ದರೆ ಯಾಕೆ ಸುಮ್ಮನಿದ್ದಾನೆ ಎಂದು ಯೋಚಿಸಿದಳು.

ಶನಿವಾರ ಗ್ಯಾರೇಜಿಗೆ ಹೋದಾಗ ಅಪ್ಪನೂ ಲೂಥರನೂ ಏನೋ ಮಾತಾಡುತ್ತಿದ್ದರು. ಅವಳನ್ನು ಕಂಡದ್ದೇ ಮಾತು ನಿಂತಿತು. ಎಂಜಿನ್ ಇನ್ನೂ ಕಾರಿನಿಂದ ಹೊರಗೆ, ಸ್ಟ್ಯಾಂಡಿನ ಮೇಲಿತ್ತು. ಆದರೆ ಡ್ಯಾಶ್‌ಬೋರ್ಡಿನಲ್ಲಿ ಹೊಸ ಹೀಟರ್ ಕೂತಿತ್ತು.

ಹೀಟರ್!

ಹಿಮ ಬಿದ್ದರೆ ರಸ್ತೆಗೆ ಉಪ್ಪು ಸುರಿಯುತ್ತಾರೆ, ಉಪ್ಪು ತಗುಲಿದರೆ ಕಾರು ತುಕ್ಕು ಹಿಡಿಯುತ್ತದೆ. ಅದಕ್ಕೇ ಚಳಿಗಾಲಕ್ಕೆ ಮೊದಲೇ ಅಪ್ಪ ಶೆವೆಲ್‌ಗೆ ಹೊದಿಕೆ ಹೊದಿಸಿ ಮಲಗಿಸಿಬಿಡುತ್ತಿದ್ದ. ಅಂಥ ಕಾರಿಗೆ ಹೀಟರ್ ಯಾಕೆ?

“ಅಪ್ಪ, ಯಾವೂರಿಗೆ ಓಡಿಹೋಗ್ತಿದೀಯ?”

“ನಾ ಕಾಫಿ ತರ್ತೀನಿ,” ಎನ್ನುತ್ತ ಲೂಥರ್ ಹೊರನಡೆದ. ತುಂಬಿದ ಕಾಫಿ ಲೋಟ ಅವನ ಕೈಯಲ್ಲೇ ಇತ್ತು.

“ಯಾರು ಹೇಳಿದ್ದು ನಿಂಗೆ?” ಅಪ್ಪ ಕೇಳಿದ.

“ಗೇರ್‌ಬಾಕ್ಸ್ ಹೇಳ್ತು. ಹೀಟರ್ ಹೇಳ್ತು. ನೀನೊಬ್ಬನೇ ಹೇಳ್ಲಿಲ್ಲ!” ಹ್ಯಾಟಿ ಕೂಗಿದಳು.

ಅಪ್ಪ ಬಟ್ಟೆಯಲ್ಲಿ ಕೈ ಒರೆಸಿಕೊಂಡ. ಕೈಯಲ್ಲಿ ಗ್ರೀಸ್ ಇಲ್ಲದಿದ್ದರೂ ಒರೆಸುತ್ತಲೇ ಇದ್ದ.

“ಹೋಗ್ತಿರೋದು ನಾನಲ್ಲ, ಮರಿ.” ತಕ್ಷಣ ತುಟಿ ಕಚ್ಚಿಕೊಂಡ. “ಇವತ್ತು ಸಂಜೆ ಅಮ್ಮ ಹೇಳ್ತಾಳೆ. ಅವಳೇ ಹೇಳ್ಬೇಕು ಅಂತ ನಮ್ಮಿಬ್ಬರ ಮಾತಾಗಿದೆ.”

ಹ್ಯಾಟಿಗೆ ಮನೆಯ ವಾಷಿಂಗ್ ಮಷೀನಿನ ಹಿಂದೆ ಮಡಚಿಟ್ಟ ರಟ್ಟಿನ ಪೆಟ್ಟಿಗೆಗಳು ನೆನಪಾದವು. ಹಳೇ ಸಾಮಾನು ಮಾರೋಕೆ ಎಂದಿದ್ದಳು ಅಮ್ಮ. ಫೋನಿನಲ್ಲಿ ಎರಡು ಸಲ ನಾಕ್ಸ್‌ವಿಲ್‌ನ ಆಸ್ಪತ್ರೆ, ನರ್ಸ್ ಕೆಲಸ ಎಂದು ಮಾತಾಡಿದ್ದಳು. ಅಮ್ಮನ ಮೇಲೆ ಕಣ್ಣಿಡಬೇಕು ಎಂದು ಹ್ಯಾಟಿಗೆ ಹೊಳೆದೇ ಇರಲಿಲ್ಲ.



“ನಾಕ್ಸ್‌ವಿಲ್ ದೂರಾನಾ?”

“ಬೆಳಗ್ಗೆ ಬೇಗ ಹೊರಟ್ರೆ ಊಟದ ಹೊತ್ತು ದಾಟಿ ಮುಟ್ಬಹುದು.”

“ಚಳಿಗಾಲದಲ್ಲೂ ನನ್ನ ನೋಡೋಕೆ ಬರ್ತೀಯಾ?”

“ಚಳಿಗಾಲದಲ್ಲೂ.”

“ರಸ್ತೇಲಿ ಉಪ್ಪಿರುತ್ತೆ.”

“ಇರ್ಲಿ ಬಿಡು. ತೊಳೀತೀನಿ.”

ಬೆಂಚಿನ ಮೇಲೆ ಎರಡು ಗೇರ್‌ಬಾಕ್ಸುಗಳಿದ್ದವು. ಹ್ಯಾಟಿ ಹಳೆಯದರ ಬೆನ್ನು ಸವರಿದಳು. ಆಮೇಲೆ ಹೊಸದರ ಮೇಲೆ ಕೈಯಿಟ್ಟಳು.

“ಇದನ್ನೇ ಹಾಕ್ಸು.”

“ಅಂಗಡಿ ಗಾಜು ನಡುಗಲ್ಲ ಮತ್ತೆ.”

“ನಡುಗ್ದೇ ಇದ್ರೆ ಪರ್ವಾಗಿಲ್ಲ. ಹೀಟರ್ ಪಕ್ಕದ ಸೀಟಿಗೂ ಬಿಸಿ ಕೊಡುತ್ತಾ?”

“ಕೂತು ನೋಡು.”

ಹ್ಯಾಟಿ ಒಳಗೆ ಕೂತು ಬಾಗಿಲೆಳೆದುಕೊಂಡಳು. ಎಂಜಿನ್ನೇ ಇಲ್ಲದ ಕಾರಿನ ಹೀಟರಿಗೆ ಎರಡೂ ಅಂಗೈ ಒಡ್ಡಿ ಹಿಡಿದಳು. ಲೂಥರ್ ಆರಿದ ಕಾಫಿಯೊಂದಿಗೆ ವಾಪಸು ಬಂದಾಗಲೂ ಅವಳು ಹಾಗೇ ಕೂತಿದ್ದಳು.