ಕುಂಕುಮ ಹಚ್ಚಿದ ಸುತ್ತಿಗೆ

ಹಬ್ಬ ಪಂಚಾಂಗದಲ್ಲಿ ಯಾವ ವಾರವೇ ಇರಲಿ, ಕುವೈತಿನಲ್ಲಿ ಅದು ರಜೆಯ ಶುಕ್ರವಾರವೇ ಬರುತ್ತದೆ. 1991ರ ಆಯುಧಪೂಜೆಯೂ ಹಾಗೆಯೇ ಬಂತು, ಅಕ್ಟೋಬರ್ 18ರಂದು. ಬೆಳಗ್ಗೆ ಹತ್ತು ಗಂಟೆಗೆ ಅಲ್ಲಿನ ಕನ್ನಡಿಗರ ಸಂಘವಾದ ಸಹ್ಯಾದ್ರಿ ಬಳಗದ ಅಧ್ಯಕ್ಷ ಧನಂಜಯ್ ರೇಷ್ಮೆ ಪಂಚೆಯಲ್ಲೇ ಠಾಣೆಗೆ ಓಡಿಬಂದರು.

ದೂರು ಸರಳವಾಗಿತ್ತು. ಬಳಗದವರೆಲ್ಲ ಸೇರಿ ಕೊಂಡ ಹೊಸ ಕಾರನ್ನು ಮೈದಾನ್ ಹವಲ್ಲಿಯ ಒಂದು ಕಟ್ಟಡದ ಅಂಗಳದಲ್ಲಿ ಬಟ್ಟೆ ಹೊದಿಸಿ ನಿಲ್ಲಿಸಿದ್ದರು. ಯಾರೋ ಬಟ್ಟೆ ಸರಿಸಿ ಅದರ ಗಾಜು, ದೀಪಗಳನ್ನೆಲ್ಲ ಪುಡಿ ಮಾಡಿದ್ದರು.

ಇನ್ಸ್‌ಪೆಕ್ಟರ್ ಫಲಾಹ್ ಕುವೈತಿನವನೇ. ಕನ್ನಡ ಅವನಿಗೆ ದುಭಾಷಿ ಇಬ್ರಾಹಿಂ ಖಲೀಲ್ ಬಾಯಿಂದಲೇ ಬರಬೇಕು. ಖಲೀಲ್ ಉಳ್ಳಾಲದ ಬ್ಯಾರಿ. ಆ ಠಾಣೆಯಲ್ಲಿ ಎಂಟು ವರ್ಷದಿಂದ ಬೇರೆಯವರ ಮಾತು ಆಡುತ್ತಿದ್ದ.

"ಕಾರು ಯಾರಿಗೆ?"

"ಶ್ಯಾಮಸುಂದರ್ ಸರ್‌ಗೆ. ಇವತ್ತು ಪೂಜೆ, ಸಂಜೆ ಫಂಕ್ಷನ್‌ನಲ್ಲಿ ಪ್ರೆಸೆಂಟ್ ಮಾಡೋದಿತ್ತು. ಹೋದ ವರ್ಷ ಇರಾಕಿನವರು ನುಗ್ಗಿದಾಗ ತಾವೇ ಬಸ್ ಓಡಿಸಿ ನಮ್ಮನ್ನೆಲ್ಲ ಜೋರ್ಡಾನ್ ಗಡಿ ದಾಟಿಸಿದ ಹೀರೋ ಅವರು."

"ಅನುಮಾನ ಯಾರ ಮೇಲೆ?"

"ಅನುಮಾನ ಅಲ್ಲ, ಗ್ಯಾರಂಟಿ. ಬೊನವೆಂಚರ್. ಶುವೈಖ್‌ನಲ್ಲಿ ಗ್ಯಾರೇಜ್ ಕೆಲಸ. 'ಬಸ್ ಓಡಿಸಿದ್ದು ನಾನು' ಅಂತ ಮೀಟಿಂಗ್‌ನಲ್ಲಿ ಎದ್ದು ಗಲಾಟೆ ಮಾಡಿದ್ದ. ಜಲಸಿ."

ಬೊನವೆಂಚರನನ್ನು ಮನೆಯಿಂದ ಕರೆತಂದರು. ರಾತ್ರಿಪಾಳಿ ಮುಗಿಸಿ ಮಲಗಿದ್ದವನು ಬನಿಯನ್ ಮೇಲೆ ಅಂಗಿ ಏರಿಸಿಕೊಂಡು ಬಂದಿದ್ದ.

"ಬಸ್ಸು ಓಡಿಸಿದ್ದು ನಾನು ಅಂತ ಹೇಳಿದ್ದು ಹೌದು," ಎಂದ. "ಕಾರು ನಾನು ನೋಡ್ಲೇ ಇಲ್ಲ ಮಾರಾಯ್ರೆ. ಮಲಗಿದ್ದೆ."

"ಸಾಕ್ಷಿ?"

"ಮಲಗಿದವನಿಗೆ ಎಂತ ಸಾಕ್ಷಿ?"

ಬಳಗದ ಕಡೆ ಸಾಕ್ಷಿಗಳಿಗೆ ಬರವಿರಲಿಲ್ಲ. ಡಾಕ್ಟರು, ಇಂಜಿನಿಯರು, ಬ್ಯಾಂಕಿನವರು ಸಾಲಾಗಿ ಬಂದು, 'ನೀಲಿ ಗ್ಯಾರೇಜ್ ಅಂಗಿ ಹಾಕಿಕೊಂಡು ಸುತ್ತಿಗೆ ಹಿಡಿದು ಓಡಿದ' ಎಂದರು. ಎಲ್ಲರದೂ ಒಂದೇ ವಾಕ್ಯ, ಮಗ್ಗಿ ಒಪ್ಪಿಸಿದಂತೆ. ಇವರಲ್ಲಿ ಅರ್ಧಕ್ಕರ್ಧ ಮಂದಿ ಅದೇ ಬಸ್ಸಿನಲ್ಲಿ ಕೂತು ಬದುಕಿ ಬಂದವರು. ಚಾಲಕನ ಬೆನ್ನನ್ನು ಎರಡು ಹಗಲು ನೋಡಿದವರು. ಆದರೆ ಮೆಚ್ಚುಗೆ ಎನ್ನುವುದು ಒಮ್ಮೆ ಒಬ್ಬನ ಮನೆ ಸೇರಿದರೆ, ಅದನ್ನು ಅಲ್ಲಿಂದ ಎಬ್ಬಿಸುವ ಧೈರ್ಯ ಯಾರಿಗೂ ಬರುವುದಿಲ್ಲ. ಗಾಳಿ ಬಂದಾಗ ತೂರಿಕೊಳ್ಳುವವರೇ ಎಲ್ಲ.

"ಇಷ್ಟು ಜನ ಹೇಳಿದ ಮೇಲೆ ಖಲಾಸ್," ಎಂದ ಪಕ್ಕದ ಮೇಜಿನ ಪೇದೆ. "ಇಕಾಮಾ ರದ್ದು ಮಾಡಿ ವಿಮಾನ ಹತ್ತಿಸಿದರಾಯಿತು."

ಆ ವರ್ಷ ಹಾಗೆ ವಿಮಾನ ಹತ್ತಿದವರ ಮಾತನ್ನು ಖಲೀಲ್ ಎಷ್ಟೋ ಅನುವಾದ ಮಾಡಿದ್ದ. ನ್ಯಾಯದ ಮೇಲಿನ ನಂಬಿಕೆ ಅವನಲ್ಲಿ ಹಳೆಯ ಸೋಪಿನಂತೆ ಸವೆದಿತ್ತು. ದೇಶದಲ್ಲಿ ಉಳಿಯಲು ಬೇಕಾದ ಆ ಪರವಾನಗಿ, ಅವನ ಇಕಾಮಾ ಕೂಡ, ಈ ಠಾಣೆಯ ಮರ್ಜಿಯಲ್ಲೇ ಇತ್ತಾದ್ದರಿಂದ ಬಾಯಿ ಬಿಡುತ್ತಿರಲಿಲ್ಲ.

ಮಧ್ಯಾಹ್ನದ ನಮಾಜಿನ ನಂತರ ಫಲಾಹ್, ಖಲೀಲ್ ಇಬ್ಬರೂ ಮಹಜರಿಗೆ ಹೋದರು. ಒಡೆದ ದೀಪದ ಅಂಚಿನಲ್ಲಿ, ಬಾನೆಟ್‌ನ ತಗ್ಗುಗಳಲ್ಲಿ ಕೆಂಪು ಕಲೆಗಳಿದ್ದವು.

"ರಕ್ತ," ಎಂದ ಫಲಾಹ್. "ಆದರೆ ಅವನ ಕೈಯಲ್ಲಿ ಗಾಯ ಇಲ್ಲವಲ್ಲ."

ಖಲೀಲ್ ಬಗ್ಗಿ ಮೂಸಿದ. ಗಂಧದ ವಾಸನೆ. ಊರಿನಲ್ಲಿ ಅವನ ತಂದೆಯ ಅಂಗಡಿಯ ಪಕ್ಕದಲ್ಲಿ ಆಚಾರಿಯ ಕೊಟ್ಟಿಗೆಯಿತ್ತು; ಅಲ್ಲಿನ ಆಯುಧಪೂಜೆ ನೋಡಿಯೇ ಬೆಳೆದಿದ್ದ. ಬಾಯಿ ಮುಚ್ಚಿಕೊಂಡಿದ್ದರೆ ಅವನಿಗೆ ನಷ್ಟವೇನೂ ಇರಲಿಲ್ಲ. ಆದರೂ ಹೇಳಿದ.

"ರಕ್ತ ಅಲ್ಲ ಸರ್, ಕುಂಕುಮ. ಈ ಹಬ್ಬದಲ್ಲಿ ಹಿಂದೂಗಳು ಮನೆಯ ಹತಾರಗಳನ್ನು ತೊಳೆದು, ಗಂಧ ಕುಂಕುಮ ಹಚ್ಚಿ ಪೂಜೆಗೆ ಇಡುತ್ತಾರೆ. ಆ ದಿನ ಅವನ್ನು ಮುಟ್ಟಿ ಕೆಲಸ ಮಾಡುವಂತಿಲ್ಲ. ಪೂಜೆಗೆ ಇಟ್ಟ ಸುತ್ತಿಗೆಯನ್ನೇ ಯಾರೋ ಎತ್ತಿಕೊಂಡಿದ್ದಾರೆ."

"ಕುಂಕುಮ ಕಾರಿನದೇ ಇರಬಹುದು."

"ಕಾರಿನ ಪೂಜೆ ಆಗಿಯೇ ಇಲ್ಲ. ಚಕ್ರದಡಿ ಇಡುವ ನಿಂಬೆಹಣ್ಣುಗಳು ಇನ್ನೂ ಆ ಚೀಲದಲ್ಲೇ ಇವೆ, ನೋಡಿ."

ಶುವೈಖ್‌ನ ಗ್ಯಾರೇಜಿಗೂ ಹೋಗಿ ನೋಡಿದರು. ಬೊನವೆಂಚರನ ಸುತ್ತಿಗೆಗಳಿಗೆ ಗ್ರೀಸ್ ಬಿಟ್ಟರೆ ಬೇರೇನೂ ಅಂಟಿರಲಿಲ್ಲ.

ಕಾರು ನಿಂತಿದ್ದ ಕಟ್ಟಡದಲ್ಲಿ ಆಯುಧಪೂಜೆ ಮಾಡುವ ಮನೆಗಳು ಮೂರು. ಮೊದಲೆರಡರಲ್ಲಿ ಚಾಕು, ಕತ್ತರಿ, ಸ್ಕ್ರೂಡ್ರೈವರುಗಳು ಕುಂಕುಮವಿಟ್ಟುಕೊಂಡು ಸಾಧುವಾಗಿ ಕೂತಿದ್ದವು. ಮೂರನೆಯದು ಶ್ಯಾಮಸುಂದರರ ಮನೆ. ಮಣೆಯ ಮೇಲೆ ಈಳಿಗೆಯ ಪಕ್ಕದಲ್ಲಿ ಬೆಲ್ಲ ಒಡೆಯುವ ಸುತ್ತಿಗೆಯಿತ್ತು. ಅದರ ಮೂತಿಯ ಕುಂಕುಮ ಅಳಿಸಿ, ಗಾಜಿನ ಪುಡಿ ಮಿನುಗುತ್ತಿತ್ತು.

ಬಾಗಿಲು ತೆರೆದವರು ಶ್ಯಾಮಸುಂದರರ ಹೆಂಡತಿ ಪದ್ಮಮ್ಮ.

"ಸ್ಟೇಷನ್‌ಗೆ ಎರಡು ಸಲ ಫೋನ್ ಮಾಡ್ದೆ. ಹೆಂಗಸಿನ ದನಿ ಕೇಳಿ ಇಟ್‌ಬಿಟ್ರು," ಎಂದರು. "ಸದ್ಯ, ನೀವೇ ಬಂದ್ರಲ್ಲ. ಕಾರು ಒಡೆದಿದ್ದು ನಾನು."

ಶ್ಯಾಮಸುಂದರ್ ಕೋಣೆಯಿಂದ ಧಾವಿಸಿದರು. "ಪದ್ಮ, ಒಳಗೆ ಹೋಗು. ಇನ್ಸ್‌ಪೆಕ್ಟರ್, ಶೀ ಈಸ್ ನಾಟ್ ವೆಲ್."

"ಚೆನ್ನಾಗೇ ಇದೀನಿ. ಈ ಒಂದು ವರ್ಷದಲ್ಲಿ ಇವತ್ತೇ ಚೆನ್ನಾಗಿರೋದು."

ಫಲಾಹ್ ಕೇಳಿದ: "ಬೇರೆ ಯಾರಿಗೆ ಗೊತ್ತು?"

"ಧನಂಜಯ್‌ಗೆ. ಬೆಳಗ್ಗೇನೇ ಹೇಳ್ದೆ. 'ನೀವು ಮನೇಲಿರಿ ಅಮ್ಮ, ನಾವು ಅಡ್ಜಸ್ಟ್ ಮಾಡ್ತೀವಿ' ಅಂದ್ರು. ಆ ಪುಣ್ಯಾತ್ಮನನ್ನ ಒಳಗೆ ಹಾಕ್ಸಿ ಅಡ್ಜಸ್ಟ್ ಮಾಡ್ತಾರೆ ಅಂತ ನನಗೇನು ಗೊತ್ತು?"

ಸುತ್ತಿಗೆಯನ್ನು ಜಪ್ತಿ ಮಾಡಿ, ಪದ್ಮಮ್ಮನನ್ನು ಬಂಧಿಸಿ ಜೀಪಿನಲ್ಲಿ ಕೂರಿಸಿದಾಗ ಅಂಗಳದ ತುಂಬ ಬಳಗವಿತ್ತು. ಒಬ್ಬರಾದರೂ ಕಣ್ಣೆತ್ತಿ ನೋಡಲಿಲ್ಲ. ನೋಡಿದ್ದು ಪದ್ಮಮ್ಮ, ಒಬ್ಬೊಬ್ಬರನ್ನಾಗಿ.

ಠಾಣೆಯಲ್ಲಿ ಹೇಳಿಕೆ ಬರೆಸಿಕೊಂಡರು. ಸಮಯ ಸಂಜೆ ಐದೂವರೆ.

"ಕಾರಣ?" ಎಂದ ಫಲಾಹ್. ಉತ್ತರಕ್ಕೆ ಕಾಯದೆ ಖಲೀಲನಿಗೆ ಹೇಳಿದ: "ಕೋಪ ಎಂದು ಬರೆ."

"ಕೋಪ ಅಲ್ಲ," ಎಂದರು ಪದ್ಮಮ್ಮ. "ಆ ಬಸ್ಸಲ್ಲಿ ನಾನೂ ಇದ್ದೆ. ಇವರು ಹಿಂದಿನ ಸೀಟಲ್ಲಿ ಕಣ್ಣು ಮುಚ್ಕೊಂಡು ಕೂತಿದ್ರು. ಅದು ತಪ್ಪಲ್ಲ, ಎಲ್ರೂ ಹೆದರಿದ್ವಿ. ಇಳಿದ ಮೇಲೆ ಪೇಪರಿನವರ ಮುಂದೆ 'ನಾನೇ ಓಡಿಸ್ದೆ' ಅಂದ್ರಲ್ಲ, ಅದು ತಪ್ಪು. ಬಳಗಕ್ಕೆ ಹೋಗಿ ಹೇಳಿದ್ರೆ, ಗಂಡನ ಮರ್ಯಾದೆ ತೆಗೀಬೇಡಿ ಅಂದ್ರು. ಇವತ್ತು ಆ ಕಾರಿಗೆ ನಾನೇ ಆರತಿ ಎತ್ತಬೇಕಿತ್ತು. ಆರತಿ ಎತ್ತೋ ಕೈಯಲ್ಲಿ ಸುತ್ತಿಗೆ ಎತ್ತಿದೆ. ಬಸ್ ಓಡಿಸಿದ್ದು ಬೊನವೆಂಚರ್ ಅಂತ ಬರೀರಿ. ಇಲ್ಲದಿದ್ರೆ ಸಹಿ ಹಾಕಲ್ಲ."

"ಕಾರಿನ ಕೇಸಿಗೆ ಬಸ್ಸು ಯಾಕೆ?"

ಖಲೀಲ್ ಅದನ್ನು ಕನ್ನಡಕ್ಕೆ ತರಲಿಲ್ಲ. ಎಂಟು ವರ್ಷದಲ್ಲಿ ಮೊದಲ ಸಲ, ಹೇಳಿಕೆ ಬರೆಯುವ ಮೇಜಿನಲ್ಲಿ ತನ್ನದೇ ಮಾತು ಆಡಿದ: "ಬರೆಯೋಣ ಸರ್. ಬೆಳಗ್ಗೆಯಿಂದ ಅಷ್ಟು ಸುಳ್ಳು ಬರೆದಿದ್ದೇವೆ."

ಫಲಾಹ್ ಅವನನ್ನೊಮ್ಮೆ ದಿಟ್ಟಿಸಿ, ತಲೆಯಾಡಿಸಿದ. ಖಲೀಲ್ ತನ್ನ ಕೈಬರಹದಲ್ಲೇ, ದೊಡ್ಡ ಅರಬ್ಬಿ ಅಕ್ಷರಗಳಲ್ಲಿ ಬರೆದ. ಪದ್ಮಮ್ಮ ಕೆಳಗೆ ಕನ್ನಡದಲ್ಲಿ ದುಂಡಗೆ ಸಹಿ ಹಾಕಿದರು. ತನ್ನ ಭಾಷೆಯ ಹೆಂಗಸು ಎಂದು ಖಲೀಲನಿಗೆ ಎದೆಯುಬ್ಬಿತು. ಅದನ್ನು ಅವನು ಮುಚ್ಚಿಡಲೂ ಇಲ್ಲ.

ಮರುದಿನವೇ ಬಳಗ ದೂರನ್ನು ಹಿಂದಕ್ಕೆ ಪಡೆಯಿತು. ಸುಳ್ಳು ಸಾಕ್ಷಿ ಹೇಳಿದ ಯಾರ ಮೇಲೂ ಕೇಸಾಗಲಿಲ್ಲ, ಅಂಥದ್ದೆಲ್ಲ ಆಗುವುದಿಲ್ಲ. ಹೇಳಿಕೆ ಮಾತ್ರ ಠಾಣೆಯಲ್ಲೇ ಉಳಿಯಿತು.

ಆದರೆ ಅದು ಮರುದಿನದ ಮಾತು. ಆ ಸಂಜೆ ಬಿಡುಗಡೆಯಾದ ಬೊನವೆಂಚರ್ ಠಾಣೆಯ ಕಾರಿಡಾರಿನಲ್ಲಿ ಪದ್ಮಮ್ಮನಿಗೆ ಎದುರಾದ.

"ನನಗೋಸ್ಕರ ಇದೆಲ್ಲ ಎಂತಕ್ಕಮ್ಮ?"

"ನಿಮಗೋಸ್ಕರ ಅಲ್ಲಪ್ಪ. ಊರಲ್ಲಿ ನನ್ನ ಮಗಳು ನಿಧಿ, ನಮ್ಮಪ್ಪ ಬಸ್ ಓಡಿಸಿ ಎಲ್ಲರನ್ನೂ ಉಳಿಸಿದ್ರು ಅಂತ ಸ್ಕೂಲಲ್ಲಿ ಭಾಷಣ ಮಾಡಿ ಬಹುಮಾನ ತಗೊಂಡಳಂತೆ. ಅವಳಿಗೆ ನಿಜ ಗೊತ್ತಾದ ದಿನ, 'ಅಮ್ಮ, ನೀನೇನು ಮಾಡ್ತಿದ್ದೆ?' ಅಂತ ಕೇಳ್ತಾಳೆ. ಆಗ ಹೇಳೋಕೆ ನನ್ನ ಹತ್ರ ಏನಾದ್ರೂ ಬೇಕಲ್ಲ?"

ಪೇದೆ ಲಾಕಪ್ಪಿನ ಕಡೆ ಕೈ ತೋರಿಸಿದ. ಪದ್ಮಮ್ಮ ಸೆರಗು ಸರಿಮಾಡಿಕೊಂಡು ಅವನಿಗಿಂತ ಮುಂದೆ ನಡೆದರು.